ಸತ್ತವರ ಕಿವಿಯಲ್ಲಿ ಮಾತಾಡುವ ಡಾಕ್ಟರು

ನನ್ನ ಸೋದರಮಾವ ಹೆಣಗಳನ್ನು ಮಾತಾಡಿಸುತ್ತಾರೆ! ಮಳವಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಯಾರೋ ತೀರಿಕೊಂಡರೆಂದು ಕರೆದರೆ, ಡಾಕ್ಟರಾದ ನಮ್ಮ ಮಾವ ಸ್ಟೆತಾಸ್ಕೋಪು ಇಡುವ ಮೊದಲು ಕಿವಿಯ ಹತ್ತಿರ ಬಗ್ಗಿ, "ಡಾಕ್ಟ್ರು ಬಂದಿದೀನಿ, ಹೆದರ್ಕೋಬೇಡಿ" ಅನ್ನುತ್ತಾರೆ. ಆಮೇಲೆ ಸುಮ್ಮನೆ ಕಾಯುತ್ತಾರೆ. ಏನಂತ ಕಾಯುವುದು? ಅಳುತ್ತಿದ್ದವರೂ ಅಳು ನಿಲ್ಲಿಸಿ ಹೆಣದ ತುಟಿಯನ್ನೇ ನೋಡುತ್ತಾರೆ. ಒಮ್ಮೆ ನಾನೂ ನೋಡಿದೆ.

ಇಂಥ ಮಾವನಿಗೆ ಈ ವಯಸ್ಸಿನಲ್ಲಿ ಇನ್ನೊಂದು ಹುಚ್ಚು: ಮೆಡಿಕಲ್ ಜರ್ನಲಿನಲ್ಲಿ ಲೇಖನ ಬರಬೇಕು! ಟೈಪು ಮಾಡುವ ಶಿಕ್ಷೆ ನನಗೆ. ಮಂಡ್ಯದ ಡಾಕ್ಟರ್ ಗೆಳೆಯರು ನಕ್ಕರು.

"ಪ್ರಮೋಷನ್ ಬೇಕಾದ ಕಾಲೇಜಿನೋರು ಬರ್ಕೋತಾರೆ. ನಿನಗ್ಯಾಕಯ್ಯ?"

"ನನಗೂ ಮೇಲಕ್ಕೆ ಹೋಗೋ ವಯಸ್ಸಾಯ್ತು ಕಣಯ್ಯ" ಅಂದರು ಮಾವ.

ಲೇಖನ ಕಿರುಗಾವಲಿನ ಒಬ್ಬ ರೈತನ ಬಗ್ಗೆ. ಮೈಯೆಲ್ಲ ಮರಗಟ್ಟಿಸುವ ಕಟ್ಟುಹಾವು ಕಚ್ಚಿ ಉಸಿರು ನಿಂತಿತ್ತು, ಟಾರ್ಚು ಬಿಟ್ಟರೂ ಕಣ್ಣಿನ ಪಾಪೆ ಅಲುಗಲಿಲ್ಲ. ನಾಡಿ ಮಾತ್ರ ಆಡುತ್ತಿತ್ತು. ಮಾವ ರಬ್ಬರ್ ಚೀಲ ಒತ್ತಿ ಉಸಿರು ಕೊಡುತ್ತಾ, ಮಂಡ್ಯದ ಆಸ್ಪತ್ರೆಯವರೆಗೂ ಆ ಹೆಣದಂಥವನ ಜೊತೆ ಮಳೆ ಬೆಳೆ ಮಾತಾಡಿಕೊಂಡು ಹೋದರಂತೆ! ಕೆಲವು ದಿನಗಳ ಮೇಲೆ ಅವನು ಬಾಯಿ ಬಿಟ್ಟವನೇ ಬಾಮೈದನ ಮೇಲೆ ಎಗರಿದ: "ನಾ ಇನ್ನೂ ಬಿದ್ದಿರೂವಾಗ್ಲೇ ನನ್ ಎಮ್ಮೆ ಒಡ್ಕೊಂಡೋಯ್ತೀನಿ ಅಂದ್ಯಲ್ಲಾ! ಎಲ್ಲಾ ಕೇಳುಸ್ಕೊಂಡೆ ಕಣ್ಲಾ!"

ಬಾಮೈದ ಅಲ್ಲಿಂದ ಕಿತ್ತ ಓಟ ಊರು ಮುಟ್ಟಿಯೇ ನಿಂತಿತು.

ಜರ್ನಲ್ಲಿನವರು ಲೇಖನ ವಾಪಸು ಕಳಿಸಿದರು. ಇಂಥದ್ದು ಎಷ್ಟೋ ಬಂದಿವೆ, ಇದರಲ್ಲಿ ಹೊಸದೇನಿದೆ ಅಂತ.

"ಹೋಗ್ಲಿ ಬಿಡಿ ಮಾವ, ಅವನು ಬದುಕಿದನಲ್ಲ" ಅಂದೆ.

ಮಾವ ವಾಪಸು ಬಂದ ಲೇಖನವನ್ನು ಮಡಿಚಿಟ್ಟರು. ಆಮೇಲೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು.

"ಹೊಸದೊಂದಿದೆ, ಟೈಪ್ ಮಾಡಮ್ಮ. ಅವನು ಎರಡನೆಯವನು. ಮೊದಲನೆಯವಳು ವೈದ್ಯನಾಥಪುರದ ಏಳು ವರ್ಷದ ಮಗು. ಆಗ ಮದ್ದೂರಲ್ಲಿದ್ದೆ, ಹೊಸ ಡಾಕ್ಟ್ರು. ಅವಳಿಗೂ ಕಟ್ಟುಹಾವೇ ಕಚ್ಚಿತ್ತು, ಹೀಗೇ ಪಾಪೆ ಅಲುಗಲಿಲ್ಲ. ಅರ್ಧ ಗಂಟೆ ಚೀಲ ಒತ್ತಿ ಕೈಬಿಟ್ಟೆ. ನಾಡಿ ಇನ್ನೂ ಆಡ್ತಿತ್ತು. ಅವಳ ತಲೆ ಹತ್ರಾನೇ ನಿಂತು, ಮುಗೀತು, ಎತ್ಕೊಂಡು ಹೋಗಿ ಅಂದೆ. ಇವನ ಹಾಗೇ ಅವಳಿಗೂ ಕೇಳಿಸಿರುತ್ತೆ ಕಣಮ್ಮ."

ನಾನು ಟೈಪು ನಿಲ್ಲಿಸಿ ಅವರ ಕಡೆ ತಿರುಗಿದೆ. "ಸ್ವಂತ ತಪ್ಪನ್ನ ಯಾರಾದ್ರೂ ಅಚ್ಚು ಹಾಕಿಸ್ತಾರಾ ಮಾವ?"

"ಇದನ್ನ ಓದಿದ ಒಬ್ಬ ಡಾಕ್ಟ್ರು ಕೈಬಿಡದೆ ಚೀಲ ಒತ್ತಿದ್ರೆ ಸಾಕು."

ಇವರನ್ನು ಇಷ್ಟು ವರ್ಷ ಆಡಿಕೊಂಡು ನಕ್ಕೆನಲ್ಲ ಅಂತ ನಾಚಿಕೆಯಾಯಿತು. ಅಳುತ್ತಲೇ ಟೈಪು ಮಾಡಿದೆ. ಚೀಲ ಕೈಬಿಟ್ಟದ್ದು 'ಒಬ್ಬ ವೈದ್ಯರು' ಅಂತ ಹಾಕಿದ್ದೆ. ಮಾವ ಕನ್ನಡಕ ಏರಿಸಿ ಓದಿ, ಅದನ್ನು ಅಳಿಸಿ, 'ನಾನು' ಅಂತ ಹಾಕಿಸಿದರು.