ಹುಷಾರಪ್ಪನವರು ಮೇಲೇರಿದ್ದು

ಸೋಲಾರ್ ಮೆಕ್ಯಾನಿಕ್ಕು ಒಬ್ಬನೇ ಬಂದದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣವಾಯಿತು. ಜತೆಗೆ ಬರಬೇಕಾಗಿದ್ದ ಅವನ ಭಾವಮೈದುನನಿಗೆ ಹಲ್ಲುನೋವು. ಇವನು ಅದನ್ನೇನೂ ದೊಡ್ಡದು ಮಾಡದೆ, ಗೇಟಿನ ಬಳಿ ಇಳಿಸಿದ್ದ ಪ್ಯಾನೆಲ್ಲೊಂದನ್ನು ಚಾಪೆಯ ಹಾಗೆ ಬಗಲಿಗೆ ಸಿಕ್ಕಿಸಿಕೊಂಡು ಸೀದಾ ಏಣಿಗೆ ಕಾಲಿಟ್ಟ. ಪ್ಯಾನೆಲ್ಲಿನ ಹಿಂದಿನಿಂದ ಜೋತಾಡುತ್ತಿದ್ದ ಎರಡು ವಯರುಗಳು ಅವನ ಮೊಣಕಾಲಿಗೆ ತೊಡರುತ್ತಿದ್ದವು.

"ಏಯ್, ನಿಲ್ಲು ನಿಲ್ಲು! ಹುಷಾರಪ್ಪಾ, ಹುಷಾರು!" ಎಂದು ಮನೆಯ ಯಜಮಾನರು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿಬಂದರು.

ಕುಳಿತರೆ ನಿಂತರೆ ಇದೇ ಮಾತು ಬಾಯಲ್ಲಿರುತ್ತಿದ್ದುದರಿಂದ ಕಾರ್ಖಾನೆಯಲ್ಲೂ ಬೀದಿಯಲ್ಲೂ ಅವರಿಗೆ ಹುಷಾರಪ್ಪನವರೆಂದೇ ಹೆಸರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕಾರ್ಖಾನೆಯಲ್ಲಿ ಅವರು ಸಹಾಯಕ ಸುರಕ್ಷತಾಧಿಕಾರಿ. ಎತ್ತರದಲ್ಲಿ ಕೆಲಸ ಮಾಡುವಾಗ ಏನೇನು ಅನಾಹುತ ಆಗಬಹುದೆಂದು ಅವರು ಬಣ್ಣಿಸತೊಡಗಿದರೆ ಕೇಳುವವರಿಗೆ ಕುಳಿತಲ್ಲೇ ತಲೆ ಸುತ್ತುತ್ತಿತ್ತು. ಅವರು ಸ್ವತಃ ಭಾಷಣದ ವೇದಿಕೆಗಿಂತ ಮೇಲೆ ಹತ್ತಿದವರಲ್ಲ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲಿನ ಮೇಲೆ ನಿಲ್ಲುವವಳು ಹೆಂಡತಿ. ಇವರು ಸ್ಟೂಲಿನ ಕಾಲು ಹಿಡಿದುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಈ ಗುಟ್ಟು ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕಾರ್ಖಾನೆಯ ಚಾವಣಿ ತಪಾಸಣೆಯ ದಿನ ಬಂತೆಂದರೆ ಹುಷಾರಪ್ಪನವರಿಗೆ ಒಂದು ಸಲ ಸೊಂಟ ಉಳುಕುತ್ತಿತ್ತು, ಇನ್ನೊಂದು ಸಲ ಹೊಟ್ಟೆ ಕೆಡುತ್ತಿತ್ತು. ಈ ಕಾಯಿಲೆಗಳಿಗೆಲ್ಲ ಇದ್ದ ಒಂದೇ ಮದ್ದೆಂದರೆ ಮುಖ್ಯ ಸುರಕ್ಷತಾಧಿಕಾರಿಯ ಕುರ್ಚಿ. ನೆಲಮಹಡಿಯ ಕೋಣೆ, ಬಾಗಿಲಿಗೆ ಪರದೆ, ಕುರ್ಚಿಗೆ ಮೆತ್ತೆ. ಅದರಲ್ಲಿ ಕುಳಿತವನು ಬೇರೆಯವರನ್ನು ಹತ್ತಿಸುತ್ತಾನೆಯೇ ಹೊರತು ತಾನು ಹತ್ತುವುದಿಲ್ಲ. ಆ ಕುರ್ಚಿ ಈಗ ಖಾಲಿಯಾಗಿತ್ತು. ಇವತ್ತೇ ಮಧ್ಯಾಹ್ನ ಮೂರು ಗಂಟೆಗೆ ದೊಡ್ಡ ಸಾಹೇಬರ ಮುಂದೆ ಹುಷಾರಪ್ಪನವರೂ ಅವರ ಸಹೋದ್ಯೋಗಿಯೂ ಸುರಕ್ಷತೆಯ ಬಗ್ಗೆ ಮಾತನಾಡಬೇಕಿತ್ತು. ಯಾರ ಮಾತು ಹಿಡಿಸುತ್ತದೋ ಅವರಿಗೆ ಕುರ್ಚಿ. ಸಹೋದ್ಯೋಗಿಗೆ ಕಾರ್ಖಾನೆಯವರು ಮೈಕು ಎಂದು ಹೆಸರಿಟ್ಟಿದ್ದರು. ಕೈಗೆ ಸಿಕ್ಕ ಮೈಕನ್ನು ಅವನಿಂದ ಬಿಡಿಸಬೇಕಾದರೆ ಕರೆಂಟೇ ಹೋಗಬೇಕಿತ್ತು.

ಬೆಳಗ್ಗೆ ಪ್ಯಾನೆಲ್ಲು ಹಾಕಿಸಿ, ಮಧ್ಯಾಹ್ನ "ನಮ್ಮ ಮನೆಯಲ್ಲೇ ಹೇಗೆ ಸುರಕ್ಷಿತವಾಗಿ ಕೂರಿಸಿದೆವು ಗೊತ್ತೇ" ಎಂದು ಭಾಷಣ ಶುರುಮಾಡುವುದು ಹುಷಾರಪ್ಪನವರ ಲೆಕ್ಕಾಚಾರವಾಗಿತ್ತು.

"ಪ್ಯಾನೆಲ್ಲನ್ನ ಒಬ್ಬನೇ ಹೊರಬಾರದು ಕಣಯ್ಯ" ಎಂದರು ಮೆಕ್ಯಾನಿಕ್ಕಿಗೆ. "ಗಾಳಿ ಬಂತು ಅಂದ್ರೆ ಅದು ಹಾಯಿ ಆಗುತ್ತೆ, ನೀನು ದೋಣಿ ಆಗ್ತೀಯ. ಇಬ್ಬರು ಬೇಕು. ಚೌಕಟ್ಟು ಹಿಡೀಬೇಕು, ವಯರು ಹಿಡಿದು ಎಳೀಬಾರದು."

"ಇನ್ನೊಬ್ಬ ಬಂದಿಲ್ವಲ್ಲ ಸಾರ್. ನಾಳೆ ಇಬ್ಬರೂ ಬರ್ತೀವಿ ಬಿಡಿ" ಎಂದು ಅವನು ಪ್ಯಾನೆಲ್ಲನ್ನು ಗೋಡೆಗೊರಗಿಸಿ ಕೈ ಒರೆಸಿಕೊಂಡ.

ನಾಳೆ ಎಂದರೆ ಭಾಷಣದ ಪೀಠಿಕೆಯೇ ಹಾರಿಹೋಗುತ್ತದೆ. ಹುಷಾರಪ್ಪನವರು ಬೆವರು ಒರೆಸಿಕೊಳ್ಳುತ್ತಿರುವಾಗಲೇ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರರ ತಲೆ ಕಾಣಿಸಿತು. ಎದುರುಮನೆಯ ಟೀಚರಮ್ಮ ಬಾಲ್ಕನಿಗೆ ಬಂದರು.

"ಇನ್ನೊಬ್ಬರು ಯಾಕಪ್ಪ ಬೇಕು? ನಮ್ಮ ಹುಷಾರಪ್ಪನವರೇ ಇಲ್ವಾ?" ಎಂದರು ಮಾಸ್ತರರು. "ಬೀದಿ ಸಭೇಲಿ ಎತ್ತರದ ಬಗ್ಗೆ ಎರಡು ತಾಸು ಮಾತಾಡಿದ ಮನುಷ್ಯ! ಇವತ್ತು ಕಣ್ಣಾರೆ ನೋಡೋ ಭಾಗ್ಯ ನಮ್ಮದು."

"ಹತ್ತಿ ಸಾರ್, ನಾವೂ ಕಲೀತೀವಿ" ಎಂದು ಟೀಚರಮ್ಮ ಫೋನು ಹೊರತೆಗೆದರು.

ಹೆಂಡತಿ ಹತ್ತಿರ ಬಂದು ಮೆಲುದನಿಯಲ್ಲಿ, "ರೀ, ಬೇಡ. ಸೊಂಟನೋವು ಅನ್ನಿ" ಎಂದಳು. ಆದರೆ ಅಷ್ಟು ಜನ ನೋಡುತ್ತಿರುವಾಗ ಉಳುಕುವ ಧೈರ್ಯ ಸೊಂಟಕ್ಕೂ ಇರಲಿಲ್ಲ. ಹುಷಾರಪ್ಪನವರು ಭಾಷಣದಲ್ಲಿ ತೋರಿಸಲೆಂದು ಕಾರ್ಖಾನೆಯಿಂದ ತಂದಿದ್ದ ಬೆಲ್ಟು, ಹಗ್ಗ, ಹೆಲ್ಮೆಟ್ಟು, ಗ್ಲೌಸು, ಜಾರದ ಬೂಟುಗಳನ್ನೆಲ್ಲ ಒಂದೊಂದಾಗಿ ಮೈಮೇಲೇರಿಸಿಕೊಂಡರು. ಎತ್ತರದಲ್ಲಿ ಫೋನು ನಿಷಿದ್ಧವಾದ್ದರಿಂದ ಅದನ್ನು ಹೆಂಡತಿಯ ಕೈಗಿತ್ತರು. ಮೆಕ್ಯಾನಿಕ್ಕಿನ ಚೀಲದ ತಳದಲ್ಲಿ ಮಡಿಕೆ ಬಿಚ್ಚದೆ ಬಿದ್ದಿದ್ದ ಬೆಲ್ಟನ್ನೂ ಹೊರತೆಗೆಸಿ ಅವನಿಗೆ ತೊಡಿಸಿದರು.

ಅವರು ಹೇಗೆ ಮೇಲೆ ಹೋದರೆಂಬುದು ಅವರಿಗೂ ತಿಳಿಯದು, ಏಕೆಂದರೆ ಕಣ್ಣು ಮುಚ್ಚಿದ್ದವು. ಕಣ್ಣು ಬಿಟ್ಟಾಗ ಇಳಿಜಾರಾದ ಶೀಟಿನ ಚಾವಣಿಯ ನೆತ್ತಿಯಲ್ಲಿ, ಕಬ್ಬಿಣದ ತೊಲೆಯನ್ನು ಕಳೆದುಹೋಗಿ ಸಿಕ್ಕ ತಮ್ಮನನ್ನು ಅಪ್ಪುವಂತೆ ಅಪ್ಪಿಕೊಂಡಿದ್ದರು. ಮೆಕ್ಯಾನಿಕ್ಕು ತೊಲೆಗೆ ಹಗ್ಗ ಕಟ್ಟಿ, ಅದರ ಕೊಕ್ಕೆಯನ್ನು ಅವರ ಬೆನ್ನ ಮೇಲಿದ್ದ ಬೆಲ್ಟಿನ ಬಳೆಗೆ ಸಿಕ್ಕಿಸಿದ.

"ಇನ್ನೂ ಗಿಡ್ಡ ಮಾಡಯ್ಯ" ಎಂದರು.

"ಇನ್ನೂ ಗಿಡ್ಡ ಮಾಡಿದ್ರೆ ಏಣಿ ತನಕಾನೂ ಬರೋಕಾಗಲ್ಲ ಸಾರ್."

"ಬೀಳೋಕೂ ಆಗಲ್ವಲ್ಲ? ಅಷ್ಟು ಸಾಕು. ಗಿಡ್ಡ ಮಾಡು."

ಪ್ಯಾನೆಲ್ಲುಗಳು ಇನ್ನೊಂದು ಹಗ್ಗದಲ್ಲಿ ಮೇಲೆ ಬಂದವು. ಹುಷಾರಪ್ಪನವರು ಚೌಕಟ್ಟಿನ ಒಂದು ಮೂಲೆಯನ್ನು ಎರಡು ಬೆರಳಿನಿಂದ ಮುಟ್ಟಿಕೊಂಡಿದ್ದರು, ಮಿಕ್ಕದ್ದನ್ನೆಲ್ಲ ಮೆಕ್ಯಾನಿಕ್ಕು ಹೊತ್ತ. ಕೆಳಗಿನಿಂದ ನೋಡುವವರಿಗೆ ಮಾತ್ರ ಇಬ್ಬರು ಹೊತ್ತಂತೆಯೇ ಕಾಣುತ್ತಿತ್ತು. ಬೋಲ್ಟುಗಳನ್ನು ಬಿಗಿದಾದ ಮೇಲೆ ಅವನು ವಯರಿನ ತುದಿಗಳಿಗೆ ಕೈ ಹಾಕಿದ.

"ಮುಟ್ಟಬೇಡ!" ಎಂದು ಕಿರುಚಿದರು ಹುಷಾರಪ್ಪನವರು. "ಬಿಸಿಲಿದೆ. ಬಿಸಿಲಿರೋ ತನಕ ಪ್ಯಾನೆಲ್ಲಲ್ಲಿ ಕರೆಂಟು ಇರುತ್ತೆ. ಅದಕ್ಕೆ ಸ್ವಿಚ್ಚಿಲ್ಲ ಕಣಯ್ಯ! ಮೊದಲು ಬೆಳಕು ತೂರದಂಥ ದಪ್ಪ ಹೊದಿಕೆ ಹಾಕಬೇಕು."

"ದಿನಾ ಹೀಗೇ ಮಾಡ್ತೀನಿ ಸಾರ್."

"ಅದಕ್ಕೇ ಹೇಳ್ತಿರೋದು, ಒಂದಿನ ಮಾಡೋಕೆ ನೀನೇ ಇರಲ್ಲ."

ಮೆಕ್ಯಾನಿಕ್ಕಿಗೆ ವಾದ ಮಾಡಿ ಸಾಕಾಗಿತ್ತು. "ಟಾರ್ಪಾಲು ತರ್ತೀನಿ, ಹೀಗೆ ಹೋಗಿ ಹಾಗೆ ಬಂದೆ" ಎಂದು ಸರಸರನೆ ಇಳಿದು, ಮೈಮೇಲಿನ ಬೆಲ್ಟಿನ ಸಮೇತ ಸ್ಕೂಟರು ಹತ್ತಿದ. ಅವನ ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆಯೇ ಹುಷಾರಪ್ಪನವರಿಗೆ ಬೆನ್ನಿನ ಕೊಕ್ಕೆ ನೆನಪಾದದ್ದು. ಕೈಯನ್ನು ಮೇಲಿನಿಂದ ಹಾಕಿದರು, ಕೆಳಗಿನಿಂದ ಹಾಕಿದರು. ಬೆನ್ನು ತಮ್ಮದೇ ಆದರೂ ಕೊಕ್ಕೆ ಕೈಗೆ ಸಿಗಲಿಲ್ಲ. ಎದೆಯ ಪಟ್ಟಿ ಬಿಚ್ಚಿ ಬೆಲ್ಟನ್ನೇ ಕಳಚಿಬಿಡೋಣವೆಂದರೆ, ಕೆಳಗಿನ ಅಂಗಳ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತಿತ್ತು. ಕೈ ತಾನಾಗಿಯೇ ತೊಲೆಗೆ ವಾಪಸಾಯಿತು.

ಅಷ್ಟರಲ್ಲಿ ಏಣಿ ಅಲುಗಾಡಿದ ಸದ್ದು ಕೇಳಿಸಿತು.

"ಮಾಸ್ತರೇ! ಏನ್ ಮಾಡ್ತಿದೀರಿ?"

"ಏಣಿ ತೆಗೀತಿದೀನಿ" ಎಂದರು ಪೋಸ್ಟ್ ಮಾಸ್ತರರು, ಟೀಚರಮ್ಮನ ಮನೆಯ ಮಾಲಿಯನ್ನು ಜತೆಗೆ ಸೇರಿಸಿಕೊಂಡು. "ಕಾವಲಿಲ್ಲದ ಏಣೀನ ಗೋಡೆಗೆ ಒರಗಿಸಿ ಬಿಡಬಾರದು, ಮಲಗಿಸಿ ಬೀಗ ಹಾಕಬೇಕು. ನೀವೇ ಹೇಳಿದ್ದು!"

"ನಾನು ಮೇಲಿದೀನಲ್ರೀ!"

"ಮೇಲಿದ್ದು ಕಾವಲು ಹೇಗಾಗ್ತೀರಿ? ಕೆಳಗಿರಬೇಕು." ಏಣಿ ಮಾಸ್ತರರ ಕಾಂಪೌಂಡು ಸೇರಿತು, ಸರಪಳಿಯಲ್ಲಿ ಬಂಧಿಯಾಯಿತು. ಮಾಲಿ ತನ್ನ ಕೆಲಸಕ್ಕೆ ಹೊರಟುಹೋದ.

ಮಧ್ಯಾಹ್ನವಾಗುತ್ತ ಬಂತು. ಶೀಟು ಕಾದ ಕಾವಲಿಯಾಯಿತು. ಹೆಂಡತಿ ಮೆಕ್ಯಾನಿಕ್ಕಿಗೆ ಫೋನು ಮಾಡಿ ಮಾಡಿ ಸೋತಳು. ಅವನು ಎತ್ತಲೇ ಇಲ್ಲ.

"ಮಾಸ್ತರೇ, ಏಣಿ ಕೊಡ್ರೀ, ನಾನೇ ಹತ್ತಿ ಬಿಚ್ಚಿ ಬರ್ತೀನಿ" ಎಂದಳು ಹೆಂಡತಿ.

"ಬೆಲ್ಟಿಲ್ಲದೆ ಯಾರೂ ಮೇಲೆ ಹತ್ತೋ ಹಾಗಿಲ್ಲಮ್ಮ. ಇರೋ ಒಂದು ಬೆಲ್ಟು ನಿಮ್ಮ ಯಜಮಾನರ ಮೈಮೇಲಿದೆ. ಹುಷಾರಪ್ಪನವರೇ, ನಾನು ಹೇಳಿದ್ದು ಸರಿ ತಾನೇ?"

"ಸರಿ" ಎಂದು ಮೇಲಿನಿಂದ ಅಳುದನಿ ಬಂತು. ಸಾಯುವ ಹೊತ್ತಿಗೂ ತಪ್ಪು ಉತ್ತರ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಇಷ್ಟಕ್ಕೂ ಈಗ ಗಾಳಿ ಬೀಸ್ತಿದೆ" ಎಂದು ಮಾಸ್ತರರು ಬೆರಳಿಗೆ ಎಂಜಲು ಹಚ್ಚಿ ಮೇಲೆತ್ತಿ ನೋಡಿದರು. "ಗಾಳೀಲಿ ಏಣಿ ನಿಲ್ಲಿಸಬಾರದು. ಒಳಗೆ ಹೋಗಿ ಸ್ವಲ್ಪ ಮಲಗಿ ಬರ್ತೀನಿ, ಅಷ್ಟರಲ್ಲಿ ಗಾಳಿ ನಿಲ್ಲುತ್ತೆ." ಬೀಗದ ಕೈ ಅವರ ಜೇಬಿನಲ್ಲೇ ಒಳಗೆ ಹೋಯಿತು. ಮಾಸ್ತರರ ನಿದ್ದೆಯನ್ನು ಕೆಡಿಸುವ ಶಕ್ತಿ ಅವರ ಮನೆಯ ಬಾಗಿಲಿಗಾಗಲಿ, ಅದನ್ನು ಬಡಿದ ಹುಷಾರಪ್ಪನವರ ಹೆಂಡತಿಗಾಗಲಿ ಇರಲಿಲ್ಲ.

ನೀರಿಗೂ ನಿಯಮವಿತ್ತು. ಯಾವ ಸಾಮಾನನ್ನೂ ಮೇಲಕ್ಕೆ ಎಸೆಯುವಂತಿಲ್ಲ, ಚೀಲದಲ್ಲಿ ಹಾಕಿ ಹಗ್ಗದಿಂದಲೇ ಎಳೆದುಕೊಳ್ಳಬೇಕು. ಅದನ್ನು ನೆನಪಿಸಿದವರು ಬಾಲ್ಕನಿಯ ಟೀಚರಮ್ಮ. ಮೆಕ್ಯಾನಿಕ್ಕು ಬಿಟ್ಟುಹೋಗಿದ್ದ ಹಗ್ಗವನ್ನು ಹುಷಾರಪ್ಪನವರು ಕೆಳಗೆ ಬಿಟ್ಟರು. ಹೆಂಡತಿ ನೀರಿನ ಬಾಟಲಿಯನ್ನೂ ಒಂದು ಬಾಳೆಹಣ್ಣನ್ನೂ ಕಟ್ಟಿ ಕಳಿಸಿದಳು. ಹಣ್ಣು ತಿಂದಾದ ಮೇಲೆ ಸಿಪ್ಪೆಯ ಪ್ರಶ್ನೆ ಎದ್ದಿತು. ಇಳಿಜಾರು ಶೀಟಿನ ಮೇಲೆ ಬಾಳೆಸಿಪ್ಪೆ! ಕೆಳಗೆ ಎಸೆದರೆ ಹೆಂಡತಿ ಜಾರಬಹುದು. ಕೊನೆಗೆ ಭಾಷಣಕ್ಕೆಂದು ಇಸ್ತ್ರಿ ಮಾಡಿದ್ದ ಅಂಗಿಯ ಜೇಬಿನಲ್ಲೇ ಅದನ್ನು ಇಟ್ಟುಕೊಂಡರು.

ತಮ್ಮತ್ತಲೇ ಬಾಯಿ ತೆರೆದು ಬಿದ್ದಿದ್ದ ಎರಡು ವಯರಿನ ತುದಿಗಳನ್ನು ನೋಡಿ ನೋಡಿ ಅವರ ಜೀವ ಅರ್ಧವಾಗಿತ್ತು. "ಒಂದು ದಪ್ಪ ಕಂಬಳಿ ಕಳ್ಸೇ" ಎಂದರು. ಕಂಬಳಿ ಮೇಲೆ ಬಂತು. ಹೆಲ್ಮೆಟ್ಟು, ಬೆಲ್ಟು, ಬಿಗಿಯಾದ ಹಗ್ಗ, ಗ್ಲೌಸು ಎಲ್ಲದರ ಸಮೇತ ಮಂಡಿಯೂರಿ ಅವರು ಪ್ಯಾನೆಲ್ಲುಗಳಿಗೆ ಕಂಬಳಿ ಹೊದಿಸಿ, ಕಣ್ಣು ಮುಚ್ಚಿಕೊಂಡು ಬದುಕಿಸಪ್ಪ ಎಂದು ಬೇಡಿಕೊಳ್ಳುತ್ತಿದ್ದಾಗ ಟೀಚರಮ್ಮ ಫೋಟೋ ತೆಗೆದರು. ಬೀದಿಯವರಿಗೆಲ್ಲ ಕಳಿಸಿದರು. ಹುಷಾರಪ್ಪನವರ ಹೆಂಡತಿಗೂ ಕಳಿಸಿದರು.

ಗಂಟೆ ಎರಡೂವರೆಯಾಯಿತು. ಹೆಂಡತಿಗೆ ಗಂಡನ ಕುರ್ಚಿಯ ಆಸೆ ಎಷ್ಟೆಂದು ಗೊತ್ತಿತ್ತು. ಗಾಬರಿಯಲ್ಲಿ ಮೈಕಿಗೇ ಫೋನು ಮಾಡಿ, "ಅಣ್ಣಾ, ಇವರು ಮೇಲೆ ಸಿಕ್ಕಿಹಾಕಿಕೊಂಡಿದಾರೆ. ನಂಬಿಕೆ ಬರದಿದ್ರೆ ಫೋಟೋ ಕಳಿಸ್ತೀನಿ. ಸಾಹೇಬರಿಗೆ ತೋರಿಸಿ, ಸ್ವಲ್ಪ ಕಾಯೋಕೆ ಹೇಳಿ" ಎಂದಳು.

"ತೋರಿಸ್ತೀನಿ ತಂಗೀ, ಖಂಡಿತ ತೋರಿಸ್ತೀನಿ" ಎಂದ ಮೈಕು. ಅವನ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. ಹೆಂಡತಿ ಫೋಟೋ ಕಳಿಸಿಯೇಬಿಟ್ಟಳು.

ಅದನ್ನು ಮೇಲಿನಿಂದ ಕೇಳಿಸಿಕೊಂಡ ಹುಷಾರಪ್ಪನವರು ಹಣೆ ಚಚ್ಚಿಕೊಂಡರು. ಹೆಲ್ಮೆಟ್ಟಿದ್ದುದರಿಂದ ಪೆಟ್ಟಾಗಲಿಲ್ಲ. "ಅಯ್ಯೋ, ಅವನಿಗ್ಯಾಕೇ ಕಳಿಸಿದೆ? ಸುರಕ್ಷತಾಧಿಕಾರಿ ತನ್ನ ಮನೆ ಮೇಲೇ ಸಿಕ್ಕಿಬಿದ್ದ ಅಂತ ಸಭೆ ತುಂಬ ನಗಿಸ್ತಾನೆ!" ಮೂರಾಯಿತು. ನಾಲ್ಕಾಯಿತು. ಪರದೆಯಿದ್ದ ಕೋಣೆಯೂ ಮೆತ್ತೆಯ ಕುರ್ಚಿಯೂ ಕಣ್ಣ ಮುಂದೆಯೇ ಕರಗಿಹೋದವು. ಬಿಸಿಲಿಗೋ ದುಃಖಕ್ಕೋ ಅವರ ಕಣ್ಣಲ್ಲಿ ನೀರು ಬಂತು.

ಐದರ ಸುಮಾರಿಗೆ ಮೆಕ್ಯಾನಿಕ್ಕು ಟಾರ್ಪಾಲು ಹಿಡಿದುಕೊಂಡು ಬಂದ. ದಾರಿಯಲ್ಲೇ ಮನೆಯವರು ಅಡ್ಡಹಾಕಿ, ಭಾವಮೈದುನನನ್ನು ಹಲ್ಲು ಕೀಳಿಸಲು ಅವನ ಜತೆ ಕಳಿಸಿದ್ದರಂತೆ. "ಇನ್ನೂ ಇಲ್ಲೇ ಇದೀರಾ ಸಾರ್?" ಎಂದು ಕೇಳಿದ. ಹುಷಾರಪ್ಪನವರು ಮೇಲಿನಿಂದಲೇ ಬೆನ್ನು ತಿರುಗಿಸಿ ಕೊಕ್ಕೆ ತೋರಿಸಿದರು. ಮಾಸ್ತರರೂ ಎದ್ದು ಬಂದಿದ್ದರು. ಏಣಿ ಬಂತು, ಮೆಕ್ಯಾನಿಕ್ಕು ಹತ್ತಿ ಕೊಕ್ಕೆ ಬಿಚ್ಚಿ ಮೊದಲು ತಾನಿಳಿದ. ಇನ್ನು ಈ ಜನ್ಮದಲ್ಲಿ ಸ್ಟೂಲನ್ನೂ ಹತ್ತುವುದಿಲ್ಲ ಎಂದು ಶಪಥ ಮಾಡಿಕೊಂಡು ಹುಷಾರಪ್ಪನವರು ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗಿದರು.

ಅರ್ಧ ಏಣಿ ಇಳಿದಿರಬೇಕು, ಮನೆ ಮುಂದೆ ಕಾರು ನಿಂತಿತು. ಅದರಿಂದ ದೊಡ್ಡ ಸಾಹೇಬರು ಇಳಿದರು. ಹಿಂದಿನಿಂದ ಮುಖ ಅರಳಿಸಿಕೊಂಡು ಮೈಕು ಇಳಿದ.

"ಏಣಿ ಮೇಲೇ ಇರಿ, ಇಳೀಬೇಡಿ! ನಿಮ್ಮನ್ನ ಅಲ್ಲೇ ನೋಡಬೇಕು ಅಂತಾನೇ ಬಂದೆ" ಎಂದರು ಸಾಹೇಬರು ಭಾವುಕರಾಗಿ. "ಇವರು ನಿಮ್ಮ ಫೋಟೋ ಪರದೆ ಮೇಲೆ ಹಾಕಿ ತಮಾಷೆ ಮಾಡೋಕೆ ಹೊರಟರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಹೆಲ್ಮೆಟ್ಟು, ಬೆಲ್ಟು, ಗ್ಲೌಸು, ಪ್ಯಾನೆಲ್ಲಿಗೆ ಹೊದಿಕೆ... ಒಂದು ತಪ್ಪಿಲ್ಲ! ಸುರಕ್ಷತೆ ಬಗ್ಗೆ ಮಾತಾಡೋರನ್ನ ಬೇಕಾದಷ್ಟು ನೋಡಿದೀನಿ. ಮೇಲೆ ಹತ್ತಿ ತೋರಿಸಿದೋರು ನೀವೊಬ್ಬರೇ."

ಹುಷಾರಪ್ಪನವರು ಆತುರದಲ್ಲಿ ಇನ್ನೂ ಒಂದು ಮೆಟ್ಟಿಲು ಇಳಿದರು. ಕುರ್ಚಿ! "ಸಾರ್, ಹಾಗಾದ್ರೆ..."

"ಆ ಕುರ್ಚಿ ವಿಷಯ ತಾನೇ? ನಿಮ್ಮಂಥವರನ್ನ ಕುರ್ಚೀಲಿ ಕೂರಿಸೋದು ಅನ್ಯಾಯ. ಬರೀ ಮಾತಾಡೋರು ಕೂತ್ಕೊಳ್ಲಿ ಅಂತ ಇವರಿಗೇ ಕೊಟ್ಟುಬಿಟ್ಟೆ." ಮೈಕು ವಿನಯದಿಂದ ಕೈಮುಗಿದ. "ನಮ್ಮ ಎಲ್ಲ ಶಾಖೆಗಳ ಚಾವಣಿ ಮೇಲೂ ಸೋಲಾರ್ ಹಾಕಿಸ್ತಿದೀವಿ. ಒಂದೊಂದೂ ಇದರ ನಾಲ್ಕರಷ್ಟು ಎತ್ತರ. ಎಲ್ಲ ಕಡೇನೂ ಮೇಲೇ ನಿಂತು ಮಾಡಿಸೋರು ನೀವು. ನಾಳೆ ಬೆಳಗ್ಗೆಯಿಂದಲೇ ಶುರು!"

ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ಮಾಸ್ತರರು ಏಣಿಯ ಬುಡವನ್ನು ಬಿಗಿಯಾಗಿ ಹಿಡಿದುಕೊಂಡು, "ಇನ್ನು ಇಳೀರಿ, ಸಾಹೇಬರು ಕೈ ಕುಲುಕಬೇಕಂತೆ" ಎಂದು ಕೂಗಿದರು.

ಹುಷಾರಪ್ಪನವರು ಕೆಳಗೆ ನೋಡಿದರು. ಸಾಹೇಬರು, ಮೈಕು, ನಾಳೆಯ ಬೆಳಗ್ಗೆ, ಎಲ್ಲವೂ ಕೆಳಗೆ ಸಾಲಾಗಿ ಕಾಯುತ್ತಿದ್ದವು. ಮೇಲೆ ನೋಡಿದರು. ಅಲ್ಲಿ ಒಂದು ಕಂಬಳಿ ಬಿಟ್ಟರೆ ಯಾರೂ ಇರಲಿಲ್ಲ. ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಅವರು ಮೆಲ್ಲಗೆ, ಒಂದೊಂದೇ ಮೆಟ್ಟಿಲಾಗಿ, ಮತ್ತೆ ಮೇಲಕ್ಕೆ ಹತ್ತತೊಡಗಿದರು.

"ನೋಡಿದ್ರಾ?" ಎಂದರು ದೊಡ್ಡ ಸಾಹೇಬರು ಮೈಕಿನ ಬೆನ್ನು ತಟ್ಟುತ್ತ. "ನಾಳೆ ತನಕ ಕಾಯೋಕೂ ತಾಳ್ಮೆಯಿಲ್ಲ ಮನುಷ್ಯನಿಗೆ."