ಅಹವಾಲು ಪೆಟ್ಟಿಗೆಯ ಬೀಗ ತೆಗೆದವನು

ಬಹಳ ಹಿಂದೆ, ಅಂದರೆ ನನ್ನ ತಲೆಯ ಮೇಲೆ ಇನ್ನೂ ಕೂದಲಿದ್ದ ಕಾಲದಲ್ಲಿ, ಉದ್ಘಾಟನಾಪುರವೆಂಬ ಒಂದು ರಾಜ್ಯವಿತ್ತು. ಅದರ ಅಧಿಪತಿ ಶ್ರೀಮನ್ಮಹಾರಾಜ ಗಂಭೀರವರ್ಮರು ಟೇಪು ಕತ್ತರಿಸದೆ ಅಂತಃಪುರದ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಅವರ ಸಚಿವಾಲಯದಲ್ಲಿ ನಾನು, ಹೊನ್ನಯ್ಯ, ಎರಡನೇ ದರ್ಜೆ ಗುಮಾಸ್ತ. ಬುದ್ಧಿಯಲ್ಲಿ ಮೂರನೇ ದರ್ಜೆ.

ಒಂದು ದಿನ ಮಂತ್ರಿ ಸಮ್ಮತಿಶರ್ಮರು ಮೀಟಿಂಗ್ ಕರೆದರು. ಅರಮನೆ ಬಾಗಿಲಿನ ಅಹವಾಲು ಪೆಟ್ಟಿಗೆ ತುಂಬಿ ಕಾಗದಗಳು ಹೊರಗೆ ಇಣುಕುತ್ತಿದ್ದವು. ನೆರೆರಾಜರು ಭೇಟಿಗೆ ಬರುವುದರೊಳಗೆ ಅದು ಖಾಲಿಯಾಗಬೇಕಿತ್ತು.

"ಅರ್ಧ ಗಂಟೆ ಕೆಲಸ ಕಣ್ರಯ್ಯಾ. ಯಾರಾದ್ರೂ ತಾವಾಗೇ ಮುಂದೆ ಬನ್ನಿ" ಎಂದರು.

ಹಿರಿಯ ಅಧಿಕಾರಿಗಳೆಲ್ಲ ಒಮ್ಮೆಲೇ ಛಾವಣಿಯ ಚಿತ್ತಾರ ನೋಡತೊಡಗಿದರು. ನನಗೋ ಮಗಳು ದೇವೀರಿಯ ಮದುವೆಗೆ ಎಂಟೇ ದಿನ. ರಜೆ ಅರ್ಜಿ ಮಂತ್ರಿಗಳ ಮೇಜಿನ ಮೇಲೆ ಒಂದು ತಿಂಗಳಿಂದ ಮಲಗಿತ್ತು. ಈಗ ಒಳ್ಳೆಯವನೆನಿಸಿಕೊಂಡರೆ ಸಹಿ ಬಿದ್ದೀತು ಎಂದುಕೊಂಡೆ.

"ನಾ ಮಾಡ್ತೀನಿ ಬುದ್ಧೀ!" ಎಂದು ಎದ್ದು ನಿಂತೆ. ಇಡೀ ಸಭೆ ಚಪ್ಪಾಳೆ ತಟ್ಟಿತು. ಆಗಲೇ ಅನುಮಾನ ಬರಬೇಕಿತ್ತು. ಈ ದಡ್ಡಶಿಖಾಮಣಿ ಕೈಮುಗಿದು ಹಲ್ಲು ಕಿರಿದ.

ಬೀಗ ತೆಗೆದೊಡನೆ ಕಾವಲುಗಾರ ಮಾಸ್ತಯ್ಯ ತಲೆ ಚಚ್ಚಿಕೊಂಡ.

"ಅಯ್ಯೋ, ತೆಗೆದೇಬಿಟ್ರಾ? ಬೀಗ ತೆಗೆದೋರೇ ಎಲ್ಲಕ್ಕೂ ಉತ್ರ ಬರೀಬೇಕು. ಮುಗಿಯೋಗಂಟ ಅರಮನೆ ಬಾಗ್ಲು ದಾಟಂಗಿಲ್ಲ. ದೊಡ್ಡ ಮಹಾರಾಜರ ಕಾನೂನು! ಅದ್ಕೇ ಸ್ವಾಮಿ, ಮೂವತ್ತು ವರ್ಸದಿಂದ ಎಲ್ರೂ ಕೋಲಲ್ಲಿ ಒಳಕ್ಕೆ ತುರುಕ್ತಾ ಬಂದವ್ರೆ."

ಒಳಕ್ಕೆ ಎಂದರೆ ಎಲ್ಲಿಗೆ? ಬಗ್ಗಿ ನೋಡಿದೆ. ಪೆಟ್ಟಿಗೆಗೆ ತಳವೇ ಇರಲಿಲ್ಲ. ಕೆಳಗೆ ಅರಮನೆಯ ಹಳೆಯ ಹಗೇವು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಆ ಗುಂಡಿಯ ತುಂಬ ಬರೀ ಕಾಗದ.

ಕೂತು ಬರೆದೆ. ಬಾವಿಗೆ ಹಗ್ಗ ಕೇಳಿದ್ದ ಮುದುಕಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. "ತಮ್ಮ ಹಗ್ಗ ಪರಿಶೀಲನೆಯಲ್ಲಿದೆ" ಎಂದು ಉತ್ತರಿಸಿದೆ. ಐದು ದಿನದಲ್ಲಿ ಹಗೇವು ಒಂದು ಮೊಳ ಇಳಿಯಿತು.

ಆರನೆಯ ದಿನ ಮಹಾರಾಜರೇ ಚಿತ್ತೈಸಿದರು. ಕಾಲಿಗೆ ಬಿದ್ದು ರಜೆ ಕೇಳೋಣವೆಂದು ನಾನು ಬಗ್ಗುವಷ್ಟರಲ್ಲಿ ಅವರು ಗುಂಡಿಯೊಳಗೆ ನೋಡಿ ಬೆರಗಾದರು.

"ಅಬ್ಬಾ, ಇಷ್ಟೊಂದು ಅಹವಾಲುಗಳೇ!"

"ಎಲ್ಲಾ ತಮ್ಮ ಮೇಲಿನ ಭರವಸೆ ಪ್ರಭೂ," ಎಂದರು ಸಮ್ಮತಿಶರ್ಮರು. "ನೆರೆರಾಜ್ಯದಲ್ಲಿ ಒಬ್ಬನೂ ಬರೆಯೋದಿಲ್ಲ. ಪಾಪ, ಅಲ್ಲಿ ಬಾವಿಗೆಲ್ಲಾ ಹಗ್ಗ ಇದೆಯಂತೆ."

ಕೂಡಲೇ ರಾಜಾಜ್ಞೆ ಹೊರಟಿತು: ಪ್ರತಿ ಮನೆಯೂ ವಾರಕ್ಕೊಂದು ಅಹವಾಲು ಸಲ್ಲಿಸತಕ್ಕದ್ದು, ಅವುಗಳ ದಾಸ್ತಾನಿಗಾಗಿ ಪ್ರಜೆಗಳು ತಮ್ಮ ಹಗೇವುಗಳನ್ನು ತೆರವು ಮಾಡತಕ್ಕದ್ದು. ವರ್ಷದ ರಾಗಿ ಬೀದಿಯಲ್ಲಿ ರಾಶಿಬಿದ್ದು ಮಳೆಗೆ ನೆನೆಯಿತು. ನನಗೆ 'ಅಹವಾಲು ಮಾರ್ತಾಂಡ' ಎಂಬ ಬಿರುದು ಬಂತು, ಜೊತೆಗೆ ಹೊಸ ಇಲಾಖೆ. ರಜೆ ಬರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಮಹಾರಾಜರು ಟೇಪು ಕತ್ತರಿಸಿ ಇಲಾಖೆಯನ್ನು ಉದ್ಘಾಟಿಸಿ, ನನ್ನ ತಲೆಗೆ ಜರಿಪೇಟ ತೊಡಿಸಿದರು. ಹೆಂಡತಿ ಚಿಕ್ಕತಾಯಮ್ಮ ಅಹವಾಲು ಕೊಡಲು ಬಂದ ಜನರ ಸಾಲಿನಲ್ಲಿ ನಿಂತು, ಸರದಿ ಬಂದಾಗ ಒಂದು ಕಾಗದ ನೀಡಿದಳು: "ಧಾರೆ ಎರೆಯಲು ಮಗಳಿಗೆ ಅಪ್ಪ ಬೇಕು."

ನನಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಬರೆದೆ: "ಸ್ವೀಕರಿಸಲಾಗಿದೆ. ಸರದಿಯಂತೆ ಪರಿಶೀಲಿಸಲಾಗುವುದು."

"ಅಕ್ಷರ ಮಾತ್ರ ಮುತ್ತಿನಂಗವೆ ಕಣ್ರೀ" ಎಂದು ಅವಳು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ನನ್ನ ಮಗಳಿಗೆ ಧಾರೆ ಎರೆದವನು ನನ್ನ ಭಾವಮೈದುನ.