ಇಂಗ್ಲೆಂಡಿನವರ ಬಿಯರು ಮತ್ತು ನಮ್ಮ ಭಾವನ ಅರ್ಧ ವಾಕ್ಯ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಭಾವ ಮಾತು ನಿಲ್ಲಿಸಿದರು. ಅವರನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಏನೋ ಅನಾಹುತವಾಗಿದೆ ಎಂದು ಗೊತ್ತಾಗುತ್ತದೆ. ಉಳಿದವರಿಗೆ ಸ್ವಲ್ಪ ವಿವರಿಸಬೇಕು.

ನಮ್ಮ ಭಾವ, ಎಂದರೆ ನನ್ನ ಅಕ್ಕನ ಗಂಡ, ತಮ್ಮ ಮದುವೆಯ ಮುಹೂರ್ತದಲ್ಲೂ ಮಾತಾಡುತ್ತಿದ್ದವರು. ಮಂತ್ರ ಹೇಳುವ ಸ್ವಾಮಿಗಳು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಪಕ್ಕದಲ್ಲಿ ಕೂತ ಅಕ್ಕನಿಗೆ ಬೆಲ್ಜಿಯಂ ದೇಶದ ವರ್ಣನೆ ಮಾಡಿದರಂತೆ. ಮದುವೆಯಾದ ಮೇಲೆ ಅಲ್ಲಿಗೆ ಕರೆದುಕೊಂಡು ಹೋಗುವ ವಿಚಾರವಿರಬೇಕು ಎಂದುಕೊಂಡು ಅಕ್ಕ ತಲೆ ತಗ್ಗಿಸಿ ನಾಚಿಕೊಂಡಳು. ಹೋಗಿದ್ದು ಉಳವಿಯ ಜಾತ್ರೆಗೆ. ಬೆಲ್ಜಿಯಂ ಅಂದಿದ್ದು ಬಿಯರಿನ ವಿಷಯಕ್ಕೆ.

ಭಾವ ಬೊಮ್ಮಸಂದ್ರದ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಮುಖ್ಯಸ್ಥರು. ಬಾರ್ಲಿ ನೆನೆಯುವುದರಿಂದ ಹಿಡಿದು ಬಾಟಲಿಗೆ ಮುಚ್ಚಳ ಬೀಳುವವರೆಗೆ ಎಲ್ಲವೂ ಅವರ ನಾಲಿಗೆಯ ಅಪ್ಪಣೆ ಪಡೆದೇ ಮುಂದೆ ಹೋಗಬೇಕು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಹೆಬ್ಬಗೋಡಿಯ ಮನೆಯಿಂದ ಸ್ಕೂಟರಿನಲ್ಲಿ ಹೊರಡುತ್ತಾರೆ. ರುಚಿ ನೋಡುವುದು ಒಂದೇ ಗುಟುಕು, ಅದೂ ಕರ್ತವ್ಯ. ಸೋಮವಾರ ಅದೂ ಇಲ್ಲ, ಮೂಗಿನಲ್ಲೇ ತೀರ್ಪು. ಕಾರ್ಖಾನೆಯವರು ಸೋಮವಾರಕ್ಕೆ ‘ಮೂಗಿನ ವಾರ’ ಎಂದೇ ಹೆಸರಿಟ್ಟಿದ್ದಾರೆ.

ಹೀಗೆ ಕುಡಿಯದೆ ಕುಡಿದ ಬಿಯರಿನಿಂದ ಅವರು ಜಗತ್ತಿನ ಜನರನ್ನೆಲ್ಲ ಅರ್ಥ ಮಾಡಿಕೊಂಡಿದ್ದಾರೆ. ಪಾಸ್‌ಪೋರ್ಟ್ ಮಾಡಿಸಿದವರಲ್ಲ, ಆದರೆ ಯಾವ ದೇಶದ ಸ್ವಭಾವವನ್ನು ಬೇಕಾದರೂ ಕೇಳಿ. ಕೇಳದಿದ್ದರೂ ಹೇಳುತ್ತಾರೆ.

‘ಜರ್ಮನಿಯವರು ನಮ್ಮ ಅತ್ತಿ ಇದ್ದಂಗ. ಸಾಮಾನು ನಾಲ್ಕೇ: ನೀರು, ಬಾರ್ಲಿ, ಕಹಿ ಬರಾಕ ಹಾಪ್ಸ್ ಹೂವು, ಹುದುಗು ಬರಾಕ ಈಸ್ಟು. ಐದನೇದು ಹಾಕಿದ್ರ ಅಡಿಗಿಮನಿ ಬಿಟ್ಟು ಹೊರಗ ಹಾಕ್ತಾರ. ಬೆಲ್ಜಿಯಂದವರು ನಿಮ್ಮಕ್ಕ ಇದ್ದಂಗ. ಕಿತ್ತಳಿ ಸಿಪ್ಪಿ ಹಾಕ್ತಾರ, ಕೊತ್ತಂಬರಿ ಬೀಜ ಹಾಕ್ತಾರ. ಅದು ಬಿಯರಲ್ಲ, ಸಾರು. ಅಮೆರಿಕದವರಿಗೆ ಹಾಗಲಕಾಯಿ ಹಂಗ ಕಹಿ ಇರಬೇಕು, ಇಲ್ಲಂದ್ರ ತಾವು ದೊಡ್ಡವರಾಗೀವಿ ಅಂತ ಅವರಿಗೆ ನಂಬಿಕಿ ಬರೂದಿಲ್ಲ. ಜೆಕ್ ದೇಶದವರು ಬರೇ ನೊರಿ ತುಂಬಿದ ಗ್ಲಾಸನ್ನೂ ಪ್ರೀತಿಲೆ ಕುಡೀತಾರ.’

‘ನಮ್ಮವರು?’

‘ನಮ್ಮವರಿಗೆ ಹಲ್ಲು ಜುಮ್ ಅನ್ನೂವಷ್ಟು ತಣ್ಣಗ ಬೇಕು, ಎರಡೇ ಗುಟುಕಿಗೆ ತಲಿಗೆ ಏರಬೇಕು. ನಾಲಿಗಿಗೆ ಸುದ್ದಿ ಮುಟ್ಟೂದರಾಗ ಬಾಟ್ಲಿ ಮುಗದಿರಬೇಕು. ಏನ್ ಮಾಡ್ಲಿ ತಂಗೀ, ನಾ ಇಂಥವರಿಗೆ ಅಡಿಗಿ ಮಾಡಾಕ ಕುಂತೀನಿ.’

ಈ ದುಃಖವನ್ನು ಅವರು ಮನೆಯವರಿಗೆ ಮಾತ್ರ ಹೇಳಿಕೊಂಡಿದ್ದರೆ ಚೆನ್ನಾಗಿತ್ತು. ಒಮ್ಮೆ ಹೊಸೂರು ರಸ್ತೆಯ ಪಕ್ಕದ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಪಕ್ಕದ ಮೇಜಿನ ಹುಡುಗರು ಬಿಯರ್ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ತಲೆಕೆಳಗು ಮಾಡಿ, ನೀರು ತುಂಬಿದ ಗ್ಲಾಸಿನಲ್ಲಿ ಮುಳುಗಿಸಿ ಹಿಡಿದಿದ್ದರು. ಒಳಗಿರುವ ಗ್ಲಿಸರಿನ್ ಇಳಿದುಹೋಗುತ್ತದೆ, ಬೆಳಗ್ಗೆ ತಲೆನೋವು ಬರುವುದಿಲ್ಲ ಎಂಬುದು ನಮ್ಮ ಊರಿನಲ್ಲಿ ಬಹಳ ಜನರ ನಂಬಿಕೆ. ನಿಜಕ್ಕೂ ಬಾಟಲಿಯಿಂದ ಏನೋ ಎಳೆಎಳೆಯಾಗಿ ಇಳಿಯುವುದು ಕಾಣುತ್ತದೆ. ಭಾವ ರೊಟ್ಟಿ ಬಿಟ್ಟು ಎದ್ದರು.

‘ಇದರಾಗ ಗ್ಲಿಸರಿನ್ ಇಲ್ರಪ್ಪಾ. ಬಿಯರು ನೀರಿಗಿಂತ ಭಾರ. ಭಾರ ಇದ್ದದ್ದು ಕೆಳಗ ಇಳೀತದ, ಆ ಜಾಗಕ್ಕ ನೀರು ಮ್ಯಾಲೆ ಏರ್ತದ. ನೀವು ಛಲೋ ಬಿಯರು ಚೆಲ್ಲಿ ನೀರು ಕುಡೀಲಿಕ್ಕೆ ಹತ್ತೀರಿ.’

‘ನಿಮಗೆ ಹೆಂಗೆ ಗೊತ್ತು ಅಂಕಲ್?’

ಭಾವ ಎದೆಯುಬ್ಬಿಸಿ ಹೇಳಿದರು: ‘ಇದನ್ನ ಮಾಡಿದವನ ನಾನು.’

ಹುಡುಗ ಅವರ ವಿಭೂತಿಯನ್ನು ನೋಡಿದ, ಬಾಟಲಿಯನ್ನು ನೋಡಿದ. ‘ಹೌದಾ? ಮಗಾ, ಹಂಗಾದ್ರೆ ಇನ್ನೊಂದು ಸಲ ತಿರುಗಿಸೋ,’ ಎಂದ ಗೆಳೆಯನಿಗೆ.

ನಮ್ಮ ಅವ್ವನ ವಿಷಯ ಬೇರೆ. ಅವಳು ರಾಣೆಬೆನ್ನೂರಿನವಳು, ಮನೆಯಲ್ಲಿ ಈರುಳ್ಳಿಗೂ ವಾರ ನೋಡುವವಳು. ಅಳಿಯನ ಕೆಲಸ ಏನು ಎಂದು ಮದುವೆಗೆ ಮೊದಲು ಅವಳು ಕೇಳಿದಾಗ ಭಾವ ‘ಮಾಲ್ಟ್ ಕಂಪನಿ’ ಎಂದಿದ್ದರು. ಸುಳ್ಳಲ್ಲ, ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟೇ. ಆದರೆ ಅವ್ವ ಅದನ್ನು ಮಕ್ಕಳು ಹಾಲಿಗೆ ಹಾಕಿಕೊಂಡು ಕುಡಿಯುವ ಮಾಲ್ಟ್ ಎಂದುಕೊಂಡಳು, ಮತ್ತು ಓಣಿಗೆಲ್ಲ ಹೇಳಿದಳು. ಅಲ್ಲಿಂದ ಮುಂದೆ ಪ್ರತಿ ದೀಪಾವಳಿಗೂ ಭಾವ ಮಾಲ್ಟಿನ ಬಾಟಲಿಗಳನ್ನು ಕೊಂಡು, ‘ಕಂಪನಿಯಾಗ ಕೊಟ್ಟಾರ’ ಎಂದು ರಾಣೆಬೆನ್ನೂರಿಗೆ ಹೊತ್ತರು. ಓಣಿಯ ಮಕ್ಕಳೆಲ್ಲ ನಮ್ಮ ಭಾವನ ಮಾಲ್ಟ್ ಕುಡಿದು ಗಟ್ಟಿಮುಟ್ಟಾದರು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನೇ ತಪ್ಪಿಸುತ್ತಿದ್ದೆ.

ಬಿಯರ್ ಹುಳಿಯುವಾಗ ಒಂದು ಗಾಳಿ ಹುಟ್ಟುತ್ತದೆ. ನೊರೆಗೆ ಗುಳ್ಳೆ ಕೊಡುವ ಗಾಳಿಯೇ ಅದು. ನಾವು ಉಸಿರಾಡುವ ಗಾಳಿಗಿಂತ ಭಾರ, ಕಣ್ಣಿಗೆ ಕಾಣುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತದೆ. ಅದು ನಿಂತ ಕಡೆ ಬಗ್ಗಿದರೆ ಮತ್ತೆ ಏಳುವುದು ಕಷ್ಟ. ಅದಕ್ಕೇ ಬಿಯರ್ ಹುಳಿಯುವ ತೊಟ್ಟಿಗಳ ಕೋಣೆಯಲ್ಲಿ ದೊಡ್ಡ ಫ್ಯಾನು ಸದಾ ತಿರುಗುತ್ತಿರುತ್ತದೆ. ಅದಕ್ಕೇ ಆ ಕಾರ್ಖಾನೆಯಲ್ಲಿ ಒಂದು ರೂಢಿ ಇದೆ. ಒಳಗೆ ಹೋದವರು ಬಾಯಿ ಮುಚ್ಚಕೂಡದು, ಬಾಗಿಲಲ್ಲಿ ಒಬ್ಬರು ಕೇಳಿಸಿಕೊಳ್ಳುತ್ತ ನಿಂತಿರಬೇಕು. ಉಳಿದವರು ಒಂದು, ಎರಡು ಎಂದು ಎಣಿಸುತ್ತಾರೆ, ಇಲ್ಲವೇ ಹಾಡುತ್ತಾರೆ. ನಮ್ಮ ಭಾವ ದೇಶಗಳ ಬಗ್ಗೆ ಉಪನ್ಯಾಸ ಕೊಡುತ್ತಾರೆ. ಇಂಥ ರೂಢಿ ಇರುವ ಕಾರ್ಖಾನೆ ಅವರಿಗೇ ಸಿಕ್ಕಿತಲ್ಲ ಎಂದು ನಾವೆಲ್ಲ ನಗುತ್ತಿದ್ದೆವು.

ಅಂದು ನೆಂಟರ ಮನೆಯ ಸೀಮಂತಕ್ಕೆ ಅವರನ್ನು ಎಳೆದುಕೊಂಡು ಬಾ ಎಂದು ಅಕ್ಕ ನನ್ನನ್ನು ಕಳಿಸಿದ್ದಳು. ‘ಒಂದು ತೊಟ್ಟಿ ನೋಡಿ ಬರ್ತೀನಿ. ನೀ ಬಾಗಲದಾಗ ಕುಂದರು,’ ಎಂದರು ಭಾವ. ಬಾಗಿಲಲ್ಲಿ ಕೂರಿಸುವ ಪ್ರತಿಯೊಬ್ಬರಿಗೂ ಹೇಳುವ ಮಾತನ್ನು ನನಗೂ ಹೇಳಿದರು: ‘ನಾ ಮಾತಾಡ್ಲಿಕ್ಕೆ ಹತ್ತೀನಿ ಅಂದ್ರ ಬದುಕೀನಿ ಅಂತ ತಿಳ್ಕೋ. ಸುಮ್ಮನಾದೆ ಅಂದ್ರ ಒಳಗ ಬರಬ್ಯಾಡ. ಬಂದ್ರ ಇಬ್ಬರೂ ಸುಮ್ಮನಾಗ್ತೀವಿ. ಫ್ಯಾನಿನ ಗುಂಡಿ ಒತ್ತು, ಗಂಟಿ ಬಾರಿಸು.’

‘ನೀವು ಸುಮ್ಮನಾದ್ರೆ ಅಕ್ಕ ಊರಿಗೆಲ್ಲ ಹೋಳಿಗೆ ಹಂಚ್ತಾಳೆ,’ ಎಂದೆ. ನಾನು ಆಡಿದ ಈ ಮಾತು ಆಮೇಲೆ ಎಷ್ಟು ದಿನ ನನ್ನ ಕಿವಿಯಲ್ಲಿ ಕೂತಿತ್ತು.

ಅವರು ಒಳಗೆ ಹೋದರು, ಉಪನ್ಯಾಸ ಶುರುವಾಯಿತು. ಅಂದು ಇಂಗ್ಲೆಂಡಿನ ಸರದಿ. ನಡುವೆ ಒಮ್ಮೆ ಕರೆಂಟ್ ಹೋಯಿತು. ಜನರೇಟರ್ ಗುಡುಗಿ ದೀಪಗಳು ಮತ್ತೆ ಹತ್ತಿದವು. ಫ್ಯಾನು ತಾನಾಗಿ ಹತ್ತುವಂಥದ್ದಲ್ಲ, ಗುಂಡಿ ಒತ್ತಬೇಕು. ಅದರ ಸದ್ದು ನಿಂತದ್ದು ಜನರೇಟರಿನ ಗದ್ದಲದಲ್ಲಿ ನನಗೆ ತಿಳಿಯಲಿಲ್ಲ. ಭಾವನಿಗೆ ಅವರದೇ ಮಾತಿನಲ್ಲಿ ತಿಳಿಯಲಿಲ್ಲ.

‘ಇಂಗ್ಲೆಂಡಿನವರ ಬಗ್ಗೆ ಎಲ್ಲಾರೂ ತಪ್ಪು ತಿಳಕೊಂಡಾರ ತಂಗೀ. ಬಿಸಿ ಬಿಯರ್ ಕುಡೀತಾರ ಅಂತಾರ. ತಡಿ, ಕನ್ನಡಕ ಬಿತ್ತು. ಅವರು ಕುಡಿಯೂದು ಬಿಸಿ ಅಲ್ಲ, ಅದು...’

ಅಷ್ಟೇ.

‘ಹೂಂ, ಅದು?’ ಎಂದೆ ನಾನು. ಬಗ್ಗಿ ನೋಡಿದರೆ, ತೊಟ್ಟಿಯ ಕಾಲುಗಳ ನಡುವೆ, ನೀರು ಹೋಗುವ ತಗ್ಗಿನ ಅಂಚಿನಲ್ಲಿ ಅವರ ಎರಡು ಬೂಟುಗಳು ಕಾಣುತ್ತಿದ್ದವು.

ನಾನು ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟೆ. ಇಟ್ಟವಳು ನಿಂತೆ. ಅವರ ಮಾತೇ ನನ್ನನ್ನು ನಿಲ್ಲಿಸಿತು. ನಮ್ಮವರೊಬ್ಬರು ಹೀಗೆ ಕಣ್ಣೆದುರು ಬಿದ್ದಿರುವಾಗ ಅವರ ಬಳಿಗೆ ಓಡದೆ ನಿಲ್ಲುವುದು ಎಂಥದ್ದು ಎಂದು ನಾನು ಯಾರಿಗೂ ವಿವರಿಸಲಾರೆ. ಹಿಂದೆ ಸರಿದೆ, ಗುಂಡಿ ಒತ್ತಿದೆ, ಗಂಟೆಯ ಹಗ್ಗ ಎಳೆದೆ. ಎಳೆಯುತ್ತಲೇ ಇದ್ದೆನಂತೆ, ಮಲ್ಲಣ್ಣ ಬಂದು ನನ್ನ ಕೈಯಿಂದ ಹಗ್ಗ ಬಿಡಿಸುವವರೆಗೆ. ಅವರು ಅಲ್ಲಿನ ಹಳೆಯ ಕೆಲಸಗಾರರು. ಗೋಡೆಯ ಮೇಲೆ ತೂಗುಹಾಕಿದ್ದ ಉಸಿರಿನ ಮುಖವಾಡ ತೊಟ್ಟು ಇನ್ನೊಬ್ಬರ ಜೊತೆ ಒಳಗೆ ಹೋದರು. ಭಾವನನ್ನು ಬೆಲ್ಟು ಹಿಡಿದು ಹೊರಗೆ ಎಳೆದು ತಂದು ಅಂಗಳದಲ್ಲಿ ಮಲಗಿಸಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ವಿಭೂತಿ ಯಾವುದು ಚರ್ಮ ಯಾವುದು ತಿಳಿಯದ ಹಾಗೆ. ಆಮೇಲೆ ಒಂದು ಕೆಮ್ಮು ಬಂತು. ಆ ಕೆಮ್ಮಿನಷ್ಟು ಒಳ್ಳೆಯ ಮಾತನ್ನು ಅವರು ಅದುವರೆಗೆ ಆಡಿರಲಿಲ್ಲ.

ಆಸ್ಪತ್ರೆಯವರು ಎರಡು ದಿನ ಇಟ್ಟುಕೊಂಡು, ಎಲ್ಲ ಸರಿಯಿದೆ ಎಂದು ಕಳಿಸಿದರು. ಎಲ್ಲ ಸರಿಯಿತ್ತು, ಮಾತೊಂದು ಬಿಟ್ಟು. ಭಾವ ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದರು. ಬಡಿಸಿದ್ದನ್ನು ಉಂಡು ಬಾಲ್ಕನಿಯಲ್ಲಿ ಕೂರುತ್ತಿದ್ದರು. ಅಕ್ಕ ಒಂದು ದಿನ ಬೇಕೆಂದೇ ಸಾರಿಗೆ ಕೊತ್ತಂಬರಿ ಬೀಜ ಜಾಸ್ತಿ ಹಾಕಿದಳು. ಭಾವ ಬೆಲ್ಜಿಯಂ ಅನ್ನಲಿಲ್ಲ. ಅಕ್ಕ ಅಡುಗೆಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. ‘ಸುಮ್ಮನಿರ್ರೀ ಅಂತ ಎಷ್ಟು ಸಲ ಬೈದೀನೇ ನಾನು,’ ಎಂದಳು. ಅವರನ್ನು ಹೊರಗೆ ತಂದಿದ್ದೇವೆ, ಪೂರ್ತಿ ತಂದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಅವರ ಮನೆಯಲ್ಲೇ ಉಳಿದೆ. ರಾತ್ರಿ ಕಣ್ಣು ಮುಚ್ಚಿದರೆ ಆ ಎರಡು ಬೂಟುಗಳು. ಎದ್ದು ಹೋಗಿ ಅವರ ಕೋಣೆಯ ಬಾಗಿಲಿಗೆ ಕಿವಿಗೊಟ್ಟು, ಗೊರಕೆ ಕೇಳಿದ ಮೇಲೆ ಬಂದು ಮಲಗುತ್ತಿದ್ದೆ. ಮತ್ತೆ ಏಳುತ್ತಿದ್ದೆ. ಹಗಲು ಯಾರು ಸಿಕ್ಕರೂ ಆ ಕೊನೆಯ ವಾಕ್ಯವನ್ನೇ ಹೇಳುತ್ತಿದ್ದೆ. ಬಿಸಿ ಅಲ್ಲ, ಅದು... ಏನಿದ್ದೀತು? ಫೋನಿನಲ್ಲಿ ಹುಡುಕಿದರೆ ಸಿಗುತ್ತಿತ್ತು. ಹುಡುಕಲು ಮನಸ್ಸಾಗಲಿಲ್ಲ. ಆ ವಾಕ್ಯ ಮುಗಿಸಬೇಕಾದವರು ಬಾಲ್ಕನಿಯಲ್ಲಿ ಕೂತಿದ್ದರಲ್ಲ.

ಸುದ್ದಿ ಕೇಳಿ ಅವ್ವ ರಾಣೆಬೆನ್ನೂರಿನಿಂದ ಬಂದಳು. ಯಾವ ಕಾರ್ಖಾನೆ, ಎಂಥ ತೊಟ್ಟಿ ಎಂದು ಅವಳಿಗೆ ಹೇಗೆ ಹೇಳುವುದು ಎಂಬ ಚಿಂತೆ ನಮಗೆ. ಅವಳು ಕೈಕಾಲು ತೊಳೆದುಕೊಂಡಳು, ಅಳಿಯನ ಹಣೆಗೆ ತಾನೇ ವಿಭೂತಿ ಹಚ್ಚಿದಳು, ಪಕ್ಕದ ಕುರ್ಚಿಯಲ್ಲಿ ಕೂತಳು. ಆಮೇಲೆ ಅವ್ವ ಕೇಳಿದಳು:

‘ಅಳಿಯಂದಿರ, ಈ ಇಂಗ್ಲೆಂಡಿನ ಮಂದಿ ಬಿಯರು ಬಿಸಿ ಮಾಡಿ ಕುಡೀತಾರಂತಲ್ಲ, ಖರೇನ ಏನ್ರಿ?’

ಅಕ್ಕ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟಳು. ಭಾವ ನಿಧಾನವಾಗಿ ತಲೆಯೆತ್ತಿದರು.

‘ನಿಮಗ... ಗೊತ್ತಿತ್ತೇನ್ರಿ?’

‘ಹೆಬ್ಬಗೋಡಿ ಅಂಗಡಿ ಚೀಟಿ ಕೀಳದನ ಮಾಲ್ಟಿನ ಬಾಟ್ಲಿ ತರ್ತೀರಿ. ಕಂಪನಿಯವರು ಅಂಗಡ್ಯಾಗಿಂದ ತಂದು ಕೊಡ್ತಾರೇನು? ಅದಿರಲಿ, ಇಂಗ್ಲೆಂಡಿಂದು ಹೇಳ್ರಿ. ಈ ಹುಡುಗಿ ಫೋನ್ ಮಾಡಿದಾಗೆಲ್ಲ ಅದನ್ನ ಹೇಳಿ ಅಳ್ತಾಳ.’

ಭಾವ ನನ್ನ ಕಡೆ ನೋಡಿದರು. ಅಳುವಿನ ಭರದಲ್ಲಿ ಅವ್ವನೆದುರು ಬಿಯರಿನ ಮಾತು ಆಡಿಬಿಟ್ಟಿದ್ದೆ ಎಂದು ನನಗೆ ಆಗಲೇ ಹೊಳೆದದ್ದು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

‘ಬಿಸಿ ಅಲ್ರೀ ಅತ್ತಿ,’ ಎಂದರು. ದನಿ ತುಕ್ಕು ಹಿಡಿದ ಹಾಗಿತ್ತು. ‘ಅದು ನೆಲಮನಿ ತಂಪು. ನಿಮ್ಮ ಮನ್ಯಾಗ ಮೂಲ್ಯಾಗ ಗಡಿಗಿ ಇಡ್ತಿದ್ರೆಲ್ಲ, ಆ ಗಡಿಗಿ ನೀರಿನ ತಂಪು.’

‘ಗಡಿಗಿ ನೀರಿಂದು? ಹಂಗಾದ್ರ ಶ್ಯಾಣ್ಯಾರು ಬಿಡ್ರಿ. ಫ್ರಿಜ್ಜಿಂದು ಕುಡಿದ್ರ ಗಂಟಲಾ ಹಿಡೀತದ. ಮತ್ತ ಜರ್ಮನಿಯವರು?’

‘ಅವರು ನಿಮ್ಮಂಗ,’ ಎಂದು ಭಾವ ಶುರು ಮಾಡಿದರು.

ಬೆಲ್ಜಿಯಂ ಬರುವ ಹೊತ್ತಿಗೆ ಅಕ್ಕ ಬಾಗಿಲಿಗೆ ಒರಗಿ ಕೇಳುತ್ತಿದ್ದಳು, ‘ನನ್ನ ಸಾರಿನ ಸುದ್ದಿ ಬ್ಯಾಡ’ ಎಂದು ರೇಗುತ್ತ. ನಾನು ಒಳಗಿನ ದಿವಾನದ ಮೇಲೆ ಸುಮ್ಮನೆ ಕಾಲು ಚಾಚಿದೆ. ಬಾಲ್ಕನಿಯಿಂದ ಆ ದನಿ ಬರುತ್ತಲೇ ಇತ್ತು, ಅಮೆರಿಕಕ್ಕೆ ಹಾರಿತು, ಜೆಕ್ ದೇಶದ ನೊರೆಯೊಳಗೆ ಇಳಿಯಿತು, ‘ಅಂದ್ರ ಹುಳಿ ಬಂದ ಅಂಬಲಿ ಅನ್ರಿ’ ಎಂದು ಅವ್ವ ಅನ್ನುವುದೂ ಕೇಳಿಸಿತು. ನಮ್ಮವರ ಸರದಿ ಬಂತೋ ಇಲ್ಲವೋ ನನಗೆ ತಿಳಿಯದು. ಕಣ್ಣು ಬಿಟ್ಟಾಗ ಮೈಮೇಲೆ ಯಾರೋ ಹೊದಿಸಿದ ಕೌದಿ ಇತ್ತು, ಬೆಳಗಾಗಿತ್ತು, ಭಾವ ಅಡುಗೆಮನೆಯಲ್ಲಿ ಜಪಾನಿನ ಬಗ್ಗೆ ಹೇಳುತ್ತಿದ್ದರು.